ತಾನೇ ಊದಿಕೊಳ್ಳುವ ಒಲೆ

ಜೂನ್ ೧೦, ಸೋಮವಾರ

ಮಗು ಹುಟ್ಟಿದ ಮೇಲೆ ಇವತ್ತು ಮೊದಲ ಸಲ ಕೆಲಸಕ್ಕೆ ಹೋದೆ. ಅಪೂರ್ವಳನ್ನು ಅತ್ತೆಯ ಕೈಗೆ ಕೊಟ್ಟು ಸ್ಕೂಟರ್ ಹತ್ತಿದವಳು ಹಾವನೂರು ಸರ್ಕಲ್ ದಾಟುವ ಮುಂಚೆಯೇ ಬದಿಗೆ ನಿಲ್ಲಿಸಿ ಫೋನ್ ಮಾಡಿದೆ.

"ಇನ್ನೂ ಗೇಟೇ ಹಾಕಿಲ್ಲ ಕಣೇ ನಾನು. ಅಷ್ಟರಲ್ಲಿ ಏನಾಗಿರತ್ತೆ?" ಎಂದರು ಅತ್ತೆ.

ಏನಾದರೂ ಆಗಬಹುದು. ಆರು ತಿಂಗಳ ಮಗುವಿಗೆ ಏನಾದರೂ ಆಗಲು ಎಷ್ಟು ಹೊತ್ತು ಬೇಕು? ಇದನ್ನು ಅವರಿಗೆ ಹೇಳಲಿಲ್ಲ. ಹೇಳಿದರೆ ತಾವು ಮೂರು ಮಕ್ಕಳನ್ನು ಬೆಳೆಸಿದ ಕಥೆ ಶುರುಮಾಡುತ್ತಾರೆ.

ಕಾಮಾಕ್ಷಿಪಾಳ್ಯದ ನಮ್ಮ ಶಾಪು ಬಿಟ್ಟುಹೋದ ಹಾಗೆಯೇ ಇದೆ. ಎಡಕ್ಕೆ ಪೌಡರ್ ಕೋಟಿಂಗ್ ಮಾಡುವವರು, ಬಲಕ್ಕೆ ಅಗರಬತ್ತಿ ಗೋಡೌನು. ನಡುವಿನ ಈ ನೀಲಿ ಶೀಟಿನ ಕಟ್ಟಡಕ್ಕೆ ವಿಮಾನದ ಇಂಜಿನ್ನಿನ ಬ್ಲೇಡುಗಳು ಬರುತ್ತವೆ ಎಂದರೆ ಆ ರಸ್ತೆಯಲ್ಲಿ ಯಾರೂ ನಂಬುವುದಿಲ್ಲ. ರಿಪೇರಿಗೆಂದು ಬಿಚ್ಚಿದ ಇಂಜಿನ್ನುಗಳ ಟರ್ಬೈನ್ ಬ್ಲೇಡುಗಳು; ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡವು. ಅವುಗಳಲ್ಲಿ ಬಿರುಕು ಇದೆಯೋ ಇಲ್ಲವೋ ನೋಡಿ ಹೇಳುವುದು ನನ್ನ ಕೆಲಸ.

ನಮ್ಮ ಮುಖ್ಯಸ್ಥರು ವೆಂಕಟಗಿರಿ ಸಾರ್. ಕಣ್ಣಿನ ಪರೀಕ್ಷೆಯ ವರದಿ ನೋಡಿ, ನನ್ನ ಸ್ಟ್ಯಾಂಪನ್ನು ಡ್ರಾಯರಿನಿಂದ ತೆಗೆದು ಕೊಟ್ಟರು. ಇಲ್ಲಿ ಒಬ್ಬೊಬ್ಬ ಇನ್‌ಸ್ಪೆಕ್ಟರಿಗೆ ಒಂದೊಂದು ಸ್ಟ್ಯಾಂಪು. ನನ್ನದು ಬಿದ್ದರೆ ಆ ಬ್ಲೇಡು ಮತ್ತೆ ಇಂಜಿನ್ನಿಗೆ ಹೋಗಿ ಹಾರುತ್ತದೆ.

"ನಿದ್ದೆ ಗಿದ್ದೆ ಮಾಡ್ತಾ ಇದೀರಾ ಅಮ್ಮಾ?" ಎಂದರು.

"ಮಾಡ್ತೀನಿ ಸಾರ್."

ಅವರು ಅಷ್ಟೇ ಕೇಳಿದರು. ನಾನೂ ಅಷ್ಟೇ ಹೇಳಿದೆ.

ಜೂನ್ ೧೩, ಗುರುವಾರ

ಕತ್ತಲೆ ಕೋಣೆಗೆ ಹೋದರೆ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ಕೂರಬೇಕು. ಮುಂಚೆ ಆ ಹೊತ್ತು ನನಗೆ ಬಹಳ ಇಷ್ಟವಿತ್ತು. ಈಗ ಆ ಕತ್ತಲೆಯಲ್ಲಿ ಅಪೂರ್ವಳ ಎದೆ ಏರುವುದು, ಇಳಿಯುವುದು ಕಾಣುತ್ತದೆ. ಏರಿದ್ದು ಇಳಿಯುವವರೆಗೆ ನಾನೂ ಉಸಿರು ಬಿಡುವುದಿಲ್ಲ.

ಕೆಲಸ ಮಾತ್ರ ಕೈಗೆ ಮರೆತಿಲ್ಲ. ಬ್ಲೇಡನ್ನು ಹೊಳೆಯುವ ದ್ರವದಲ್ಲಿ ಅದ್ದಿ, ಮೇಲಿನದನ್ನೆಲ್ಲ ತೊಳೆದು, ಒಣಗಿಸಿ, ಬಿಳಿ ಪುಡಿ ಉದುರಿಸಿ ಕತ್ತಲೆಗೆ ತರುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದು ಕೂತ ದ್ರವ ಪುಡಿಗೆ ಹತ್ತಿಕೊಂಡು ಮೇಲೆ ಬರುತ್ತದೆ. ನೇರಳೆ ದೀಪದ ಕೆಳಗೆ ಹಳದಿ ಹಸಿರು ಗೆರೆಯಾಗಿ ಉರಿಯುತ್ತದೆ. ಅನುಮಾನ ಬಂದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಿ ಮತ್ತೆ ಪುಡಿ ಹಾಕಬೇಕು. ಗೆರೆ ಹೋದರೆ ಅದು ಬರೀ ಮೇಲಿನ ಕೊಳೆ. ಮತ್ತೆ ಕಂಡರೆ ಬಿರುಕು.

ಆ ಹತ್ತಿಯನ್ನು ಕಡ್ಡಿಗೆ ನಾನೇ ಸುತ್ತಿಕೊಳ್ಳುತ್ತೇನೆ. ಕೊಂಡು ತಂದದ್ದರ ತುದಿ ತೀರಾ ದಪ್ಪ. ಗ್ಲೌಸಿದ್ದರೆ ಹತ್ತಿ ರಬ್ಬರಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಸುತ್ತುವಾಗ ಬರಿಗೈ. ದೇವರ ದೀಪಕ್ಕೆ ಬತ್ತಿ ಹೊಸೆದು ಅಭ್ಯಾಸವಾದ ಬೆರಳುಗಳು.

"ಅಕ್ಕಾರ, ನೀವು ಸುತ್ತಿದ್ದು ನೋಡಿದ್ರ ಎಣ್ಣಿ ಹಾಕಿ ಹಚ್ಚಿಬಿಡೂಣು ಅನಸ್ತದ್ರೀ," ಎಂದ ಫಕೀರೇಶ. ಗದಗಿನ ಹುಡುಗ, ಬ್ಯಾಡರಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದಾನೆ. ಅವನೂ ನನ್ನ ಹಾಗೆ ಇನ್‌ಸ್ಪೆಕ್ಟರು. ನನ್ನ ರಜೆಯಲ್ಲಿ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದ್ದಾನೆ.

ಜೂನ್ ೧೬, ಭಾನುವಾರ

ದಂಟಿನ ಸೊಪ್ಪು ಬಿಡಿಸುತ್ತಾ ಅತ್ತೆ ಕೇಳಿದರು: "ಅಲ್ಲಾ, ಬ್ಲೇಡು ಅಂದ್ರೆ ಫ್ಯಾನಿನ ರೆಕ್ಕೆ ತರ ತಾನೆ? ಅದಕ್ಯಾಕೆ ಇಷ್ಟೊಂದು ಒದ್ದಾಡ್ತೀಯಾ?"

ಹೇಳಿದೆ. ಇಂಜಿನ್ ಎಂದರೆ ಒಂದು ಉದ್ದನೆಯ ಒಲೆ ಎಂದುಕೊಳ್ಳಿ. ಮುಂದೆ ಗಾಳಿ ಎಳೆದುಕೊಂಡು ಒತ್ತಿ ಒತ್ತಿ ಒಳಗೆ ತುಂಬುವ ರೆಕ್ಕೆಗಳು. ನಡುವೆ ಬೆಂಕಿ. ಅದರ ಹಿಂದೆ ನಾನು ನೋಡುವ ಬ್ಲೇಡುಗಳು. ಬೆಂಕಿಯಿಂದ ನುಗ್ಗುವ ಬಿಸಿಗಾಳಿ ಈ ಬ್ಲೇಡುಗಳನ್ನು ತಿರುಗಿಸುತ್ತದೆ. ಇವು ತಿರುಗಿದರೆ, ಅದೇ ದಂಡಕ್ಕೆ ಕೂಡಿಸಿದ ಮುಂದಿನ ರೆಕ್ಕೆಗಳೂ ತಿರುಗಿ ಮತ್ತಷ್ಟು ಗಾಳಿ ತರುತ್ತವೆ.

"ಅಂದ್ರೆ ಒಲೆ ತನ್ನನ್ನ ತಾನೇ ಊದ್ಕೊಳ್ಳತ್ತೆ."

"ಹೂಂ ಅತ್ತೆ."

"ಒಂದ್ಸಲ ಹತ್ಕೊಂಡ್ರೆ ಆಮೇಲೆ ಯಾರೂ ಊದೋದು ಬೇಡ?"

"ಎಣ್ಣೆ ಹರೀತಾ ಇರೋವರೆಗೂ ಬೇಡ."

"ಭೇಷ್! ನಮ್ಮಮ್ಮಂಗೆ ಇಂಥದ್ದೊಂದು ಇದ್ದಿದ್ರೆ ಕಣ್ಣಾದ್ರೂ ಉಳೀತಿತ್ತು."

ನಗಬೇಕಿತ್ತು. ನಾನು ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಯೋಚಿಸುತ್ತಿದ್ದೆ. ಆ ಬ್ಲೇಡಿನ ಸುತ್ತಲಿನ ಗಾಳಿ ಬ್ಲೇಡಿನ ಲೋಹ ಕರಗುವುದಕ್ಕಿಂತ ಹೆಚ್ಚು ಬಿಸಿ. ಬ್ಲೇಡಿನೊಳಗಿನ ಸಣ್ಣ ದಾರಿಗಳಲ್ಲಿ ಸ್ವಲ್ಪ ತಂಪು ಗಾಳಿ ಹರಿದು, ಮೈಮೇಲಿನ ತೂತುಗಳಿಂದ ಹೊರಬಂದು ಅದನ್ನು ಸುತ್ತಿಕೊಂಡಿರುತ್ತದೆ. ಆ ತೆಳು ಪದರವಿದೆ ಎಂದು ಅದು ಕರಗದೆ ನಿಂತಿದೆ. ತಿರುಗುವಾಗ ಪ್ರತಿ ಬ್ಲೇಡಿಗೂ ಲೋಡು ತುಂಬಿದ ಲಾರಿಯೊಂದು ಜೋತುಬಿದ್ದಂತೆ ಎಳೆತ. ಬಿರುಕಿದ್ದದ್ದು ಮುರಿದರೆ ಹಿಂದಿನದನ್ನು ಹೊಡೆಯುತ್ತದೆ, ಅದು ಮತ್ತೊಂದನ್ನು.

ಅಪೂರ್ವಳ ನೆತ್ತಿ ಇನ್ನೂ ಕೂಡಿಲ್ಲ. ಬೆರಳಿಟ್ಟರೆ ಮಿಡಿಯುತ್ತದೆ. ಇಡುವುದನ್ನು ಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ.

ಜೂನ್ ೨೦, ಗುರುವಾರ

ಎದುರು ಮನೆಯ ಮಗುವಿಗೆ ಚರ್ಮಕ್ಕೆ ಸೋಂಕು ತಗುಲಿ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಊಟದ ಬಿಡುವಿನಲ್ಲಿ ಫೋನಿನಲ್ಲಿ ಅದನ್ನೇ ಓದಿದೆ. ಓದಿದಷ್ಟೂ ಇನ್ನಷ್ಟು ಓದಬೇಕೆನಿಸಿತು. ಲೋಹದ ಧೂಳು, ನೂರು ಜನ ಮುಟ್ಟಿದ ಗೇಟು, ಪೆಟ್ರೋಲ್ ಬಂಕಿನ ನೋಟುಗಳು, ಎಲ್ಲ ಮುಟ್ಟಿದ ಕೈಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತೇನೆ. ಸ್ಯಾನಿಟೈಸರ್ ಎಳೆ ಚರ್ಮಕ್ಕೆ ಆಗದು ಎಂದು ಎಲ್ಲೋ ಬರೆದಿತ್ತು. ಮನೆಗೆ ಬಂದವಳೇ ಅರಿಶಿನದ ಕೊಂಬು ತೇಯ್ದು ಎರಡೂ ಕೈಗೆ ಹಚ್ಚಿಕೊಂಡು, ಒಣಗಿದ ಮೇಲೆ ಸೋಪಿನಲ್ಲಿ ತೊಳೆದುಕೊಂಡು, ಆಮೇಲೆ ಮುಟ್ಟಿದೆ. ಮನಸ್ಸು ಸ್ವಲ್ಪ ಹಗುರವಾಯಿತು. ಇನ್ನು ಬೆಳಗಿನ ಸ್ನಾನದ ಕಡಲೆಹಿಟ್ಟಿಗೂ ಜಾಸ್ತಿ ಬೆರೆಸುತ್ತೇನೆ.

"ಸ್ನಾನ ಮಾಡಿಸ್ತೀಯೋ, ಚಿತ್ರಾನ್ನ ಕಲಸ್ತೀಯೋ?" ಎಂದರು ಅತ್ತೆ.

ಜೂನ್ ೨೪, ಸೋಮವಾರ

ಎರಡು ಬ್ಲೇಡುಗಳಲ್ಲಿ ಬಿರುಕು ಹಿಡಿದೆ. ಶುಕ್ರವಾರವೂ ಒಂದು ಸಿಕ್ಕಿತ್ತು. ಕೂದಲೆಳೆಯಷ್ಟು ತೆಳು, ಬೇರೆ ಯಾರಾದರೂ ಆಗಿದ್ದರೆ ಮುಂದಕ್ಕೆ ಕಳಿಸುತ್ತಿದ್ದರು. ಒರೆಸಿ ಪುಡಿ ಹಾಕಿದರೂ ಹೋಗಲಿಲ್ಲ. ಕೆಂಪು ಪೆಟ್ಟಿಗೆಗೆ ಹಾಕಿದೆ. ನಿದ್ದೆಗೆಟ್ಟರೆ ಕಣ್ಣು ಮಂಕಾಗುತ್ತದೆ ಎನ್ನುವವರು ತಾಯಂದಿರನ್ನು ನೋಡಿಲ್ಲ. ನನ್ನ ಕಣ್ಣು ಹಿಂದೆಂದೂ ಇಷ್ಟು ಚುರುಕಾಗಿರಲಿಲ್ಲ.

ಮುರಳಿ ಗುವಾಹಟಿಗೆ ಹೋಗಿದ್ದಾನೆ. ಆಸ್ಪತ್ರೆಗಳ ಡಯಾಲಿಸಿಸ್ ಯಂತ್ರ ರಿಪೇರಿ ಮಾಡುವವನನ್ನು ಕಟ್ಟಿಕೊಂಡರೆ ಗಂಡ ಸದಾ ಆಕಾಶದಲ್ಲೇ. ಇಳಿದ ಕೂಡಲೇ ಫೋನ್ ಮಾಡಿದ. ಯಾವ ವಿಮಾನ, ಯಾವ ಇಂಜಿನ್ ಎಂದು ಕೇಳಿದೆ.

"ರಾಗಿಣಿ, ಹತ್ತೋವಾಗ ಉಪ್ಪಿಟ್ಟು ಇದ್ಯಾ ಅಂತ ಕೇಳ್ತಾರೆ ಕಣೇ. ಇಂಜಿನ್ ಯಾವ್ದು ಅಂತ ಯಾರಾದ್ರೂ ಕೇಳ್ತಾರಾ?"

"ನೀನು ಕೇಳು."

"ಕೇಳಿದ್ರೆ ಇಳಿಸಿಬಿಡ್ತಾರೆ."

"ಇಳಿಸ್ಲಿ."

"ನೀನು ಮಲಗಿ ಎಷ್ಟು ದಿನ ಆಯ್ತು?" ಎಂದ. ಮಗು ಎದ್ದಿತು ಎಂದು ಫೋನ್ ಇಟ್ಟೆ. ಮಗು ಎದ್ದಿರಲಿಲ್ಲ.

ಜೂನ್ ೨೮, ಶುಕ್ರವಾರ

ಇವತ್ತು ಒಂದೇ ದಿನಕ್ಕೆ ಐದು. ಊಟ ಸೇರಲಿಲ್ಲ. ಈಗ ಮನೆಯಿಂದ ಹೊರಡುವಾಗಲೂ ಅರಿಶಿನ ಹಚ್ಚಿ ತೊಳೆದುಕೊಳ್ಳುತ್ತೇನೆ, ಬಂದ ಮೇಲೂ. ಮುರಳಿ ವಾಪಸ್ ಹಾರುವ ದಿನ ಇದು. ಐದು ಬಿರುಕು ನನಗೆ ಸಿಕ್ಕಿದವು ಎಂದರೆ, ಸಿಗದವು ಎಷ್ಟು ಎಷ್ಟು ಎಷ್ಟು.

ಜುಲೈ ೧, ಸೋಮವಾರ

ವೆಂಕಟಗಿರಿ ಸಾರ್ ಕರೆದರು. ಮೇಜಿನ ಮೇಲೆ ನನ್ನ ಕೆಂಪು ಪೆಟ್ಟಿಗೆ. ನಾನು ತಿರಸ್ಕರಿಸಿದ ಬ್ಲೇಡುಗಳನ್ನೆಲ್ಲ ಪೂರ್ತಿ ತೊಳೆಸಿ, ಮೊದಲಿನಿಂದ ಮತ್ತೆ ಪರೀಕ್ಷೆ ಮಾಡಿಸಿದ್ದಾರೆ. ಫಕೀರೇಶ ನೋಡಿದ್ದಾನೆ, ಆಮೇಲೆ ಅವರೇ ನೋಡಿದ್ದಾರೆ.

"ಒಂದರಲ್ಲೂ ಬಿರುಕಿಲ್ಲ ಅಮ್ಮಾ."

"ಇತ್ತು ಸಾರ್. ನಾನು ಒರೆಸಿ ನೋಡಿದೀನಿ. ಮತ್ತೆ ಕಂಡಿದೆ."

"ತೊಳೆದ್ರೆ ಬಿರುಕು ಹೋಗತ್ತಾ?"

ನಿಮ್ಮ ಕಣ್ಣಿಗೆ ಕಾಣದ್ದು ನನ್ನ ಕಣ್ಣಿಗೆ ಕಾಣುತ್ತದೆ ಎಂದುಬಿಟ್ಟೆ. ನನ್ನ ಅಪ್ಪನ ವಯಸ್ಸಿನವರಿಗೆ! ಅವರು ಕೋಪಿಸಿಕೊಳ್ಳಲಿಲ್ಲ. ಕೈ ಚಾಚಿದರು. ಸ್ಟ್ಯಾಂಪ್ ಕೊಟ್ಟೆ.

ಸ್ಟ್ಯಾಂಪಿಲ್ಲದ ಇನ್‌ಸ್ಪೆಕ್ಟರ್ ಎಂದರೆ ಏನು? ಮಾಗಡಿ ರಸ್ತೆಯ ಸಿಗ್ನಲಿನಲ್ಲಿ ಹಸಿರಾದದ್ದು ಗೊತ್ತಾಗಲಿಲ್ಲ. ಹಿಂದಿನ ಆಟೋದವನು, "ಮೇಡಂ, ಮನೇಲಿ ಮಲ್ಕೊಳ್ಳೋದಲ್ವಾ?" ಎಂದು ಕೂಗಿದ.

ಜುಲೈ ೨, ಮಂಗಳವಾರ

ಸಾರ್ ನನ್ನ ಜೊತೆ ಕತ್ತಲೆ ಕೋಣೆಗೆ ಬಂದರು. "ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡಿ. ನಾನು ಮೂಲೇಲಿ ಕೂತಿರ್ತೀನಿ."

ಕಡ್ಡಿಗಳಿಗೆ ಹತ್ತಿ ಸುತ್ತಿ ಸ್ಪಿರಿಟ್ಟಿನ ಬಟ್ಟಲಿನಲ್ಲಿ ನಿಲ್ಲಿಸಿ, ಗ್ಲೌಸ್ ಹಾಕಿಕೊಂಡೆ. ಕಣ್ಣು ಹೊಂದಿಕೊಂಡ ಮೇಲೆ ದೀಪ ಹಾಕಿದೆ. ಮೊದಲ ಬ್ಲೇಡಿನ ಬೆನ್ನ ಮೇಲೆ ಮಸುಕಾದ ಚುಕ್ಕೆಯೊಂದಿತ್ತು. ಒರೆಸಿದೆ, ಆರಲು ಬಿಟ್ಟೆ, ಪುಡಿ ಹಾಕಿದೆ. ಗೆರೆ ಬಂತು.

"ನೋಡಿ ಸಾರ್," ಎಂದೆ. ನನ್ನ ದನಿಯಲ್ಲಿ ಸಂತೋಷವಿತ್ತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಅವರು ಬ್ಲೇಡು ನೋಡಲಿಲ್ಲ, ಬಟ್ಟಲು ತೋರಿಸಿದರು. ಒರೆಸಿದ ಹತ್ತಿ ಹೊಳೆಯುವುದು ಸಹಜ, ಬ್ಲೇಡಿನ ದ್ರವ ಅದಕ್ಕೆ ಹತ್ತಿರುತ್ತದೆ. ಆದರೆ ಬಟ್ಟಲಿನಲ್ಲಿದ್ದವು ಇನ್ನೂ ಯಾವ ಬ್ಲೇಡನ್ನೂ ಮುಟ್ಟಿರಲಿಲ್ಲ. ಅವೂ ಹೊಳೆಯುತ್ತಿದ್ದವು, ಹಳದಿ ಹಸಿರಾಗಿ.

"ಗ್ಲೌಸ್ ಬಿಚ್ಚಿ."

ಬಿಚ್ಚಿ ಕೈಗಳನ್ನು ದೀಪದ ಕೆಳಗೆ ಹಿಡಿದೆ. ಉಗುರಿನ ಸಂದಿಗಳು ಹೊಳೆಯುತ್ತಿದ್ದವು. ಅಂಗೈಯ ಒಂದೊಂದು ರೇಖೆಯೂ ಹೊತ್ತಿಕೊಂಡ ಹಾಗಿತ್ತು. ಹಿಂದೆ ಯಾವ ಬ್ಲೇಡಿನಲ್ಲೂ ಅಷ್ಟು ಬಿರುಕುಗಳನ್ನು ನಾನು ನೋಡಿಲ್ಲ.

"ಏನಮ್ಮಾ ಇದು?"

"ಅರಿಶಿನ ಸಾರ್."

"ಅಡುಗೇದಾ?"

"ಅಲ್ಲ. ಮಗೂಗೆ... ಮಗು ಮುಟ್ಟೋಕೆ ಮುಂಚೆ ಹಚ್ಕೋತೀನಿ. ಸೋಂಕಾಗಬಾರ್ದು ಅಂತ."

ನೇರಳೆ ದೀಪದ ಕೆಳಗೆ ಅರಿಶಿನವೂ ಹೊಳೆಯುತ್ತದೆ. ಬರಿಗೈಯಲ್ಲಿ ಹತ್ತಿ ಸುತ್ತುತ್ತಿದ್ದೆ. ಹತ್ತಿಯಿಂದ ಸ್ಪಿರಿಟ್ಟಿಗೆ, ಸ್ಪಿರಿಟ್ಟಿನಿಂದ ಬ್ಲೇಡಿಗೆ ಹೋಗಿದೆ. ಒರೆಸಿದ ಗೆರೆಯನ್ನೇ ಬಿರುಕೆಂದು ಹಿಡಿದು ಹೆದರಿ, ಮನೆಗೆ ಹೋಗಿ ಇನ್ನಷ್ಟು ಹಚ್ಚಿಕೊಂಡಿದ್ದೇನೆ.

ಸಾರ್ ಕೋಣೆಯ ದೀಪ ಹಾಕಿ, "ಒಳಗೆ ಬರೋ ಮುಂಚೆ ಕೈನ ದೀಪಕ್ಕೆ ಹಿಡೀಬೇಕು ಅಂತ ನಾನೇ ಬರೆದಿರೋ ನಿಯಮ. ಗ್ಲೌಸ್ ಇದೆಯಲ್ಲಾ ಅಂತ ನಾನೂ ಯಾರನ್ನೂ ಕೇಳ್ತಿರ್ಲಿಲ್ಲ," ಎಂದರು.

ಜುಲೈ ೩, ಬುಧವಾರ

"ಏನ್ರೀ ಅಕ್ಕಾರ, ಬ್ಲೇಡಿಗೆ ಅರಿಶಿಣ ಹಚ್ಚಿ ಮದುವಿ ಮಾಡಾಕ ಹೊಂಟಿದ್ರಂತ? ನಮಗ ಒಂದು ಕಾರ್ಡೂ ಇಲ್ಲಲ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಹೊರಬಂದಾಗ ಫಕೀರೇಶ ಟೀ ಹಿಡಿದು ನಿಂತಿದ್ದ. "ತಪ್ಪಾತ್ರೀ ಅಕ್ಕಾರ. ನಗಸಬೇಕಂತ ಅಂದೆ," ಎಂದ.

ಆದರೆ ಒಂದು ಬ್ಲೇಡು ನನ್ನನ್ನು ಬಿಡುತ್ತಿಲ್ಲ. ಕಳೆದ ಶುಕ್ರವಾರದ ಐದರಲ್ಲಿ ಒಂದು. ಅದರ ತುದಿಯ ತೂತಿನ ಪಕ್ಕದ ಗೆರೆ ನಾನು ಹತ್ತಿ ಮುಟ್ಟಿಸುವ ಮುಂಚೆಯೇ ಇತ್ತು. ನನಗೆ ನೆನಪಿದೆ. ನೆನಪಿದೆ ಎಂದುಕೊಂಡಿದ್ದೇನೆ.

ಸಾರ್‌ಗೆ ಹೇಳಿದೆ. ಆ ಬ್ಲೇಡನ್ನು ತೆಗೆದು ನನ್ನ ಮುಂದಿಟ್ಟರು.

"ನಾಡಿದ್ದು ಶುಕ್ರವಾರ ನೀವೇ ಮೊದಲಿಂದ ಮಾಡಿ, ಏನು ಕಾಣತ್ತೋ ಅದನ್ನ ಬರೀರಿ. ಅದನ್ನ ನೋಡಿ ಸ್ಟ್ಯಾಂಪ್ ವಿಷಯ ಯೋಚಿಸ್ತೀನಿ."

"ಬಿರುಕು ಕಂಡ್ರೆ?"

"ನನ್ನ ಕರೀರಿ. ನಾನೂ ನೋಡಿ ಸ್ಕ್ರ್ಯಾಪಿಗೆ ಕಳಿಸ್ತೀನಿ."

"ಕಾಣದೇ ಇದ್ರೆ?"

"ಕಾಣ್ಲಿಲ್ಲ ಅಂತ ಬರೀಬೇಕು. ಅದು ನಿಮ್ಮಿಂದ ಆಗತ್ತಾ ಅನ್ನೋದೇ ನನ್ನ ಚಿಂತೆ ಅಮ್ಮಾ."

ಜುಲೈ ೫, ಶುಕ್ರವಾರ

ನನ್ನ ಕೈಗೆ ಅರಿಶಿನ ತಾಗಬಾರದೆಂದು ಎರಡು ದಿನದಿಂದ ಅಪೂರ್ವಳ ಸ್ನಾನ ಅತ್ತೆಯದೇ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ. ಬಿಸಿನೀರು ಸುರಿಯುವುದು, ಮಗು ಕಿರುಚುವುದು, ಅತ್ತೆ "ಆಯ್ತು ನನ್ನಮ್ಮಾ, ಆಯ್ತು ನನ್ನವ್ವಾ" ಎನ್ನುವುದು. ಒಳಗೆ ಹೋಗಲಿಲ್ಲ.

ಶಾಪಿನಲ್ಲಿ ಮೊದಲು ಕೈಗಳನ್ನು ದೀಪಕ್ಕೆ ಹಿಡಿದೆ. ಎಲ್ಲೂ ಹೊಳೆಯದೆ ಕಪ್ಪಾಗಿದ್ದವು. ಬ್ಲೇಡನ್ನು ನಾನೇ ತೊಳೆದೆ, ನಾನೇ ಅದ್ದಿದೆ. ದ್ರವ ಇಳಿಯಲು ಬಿಡಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟೆ. ತೊಳೆದು, ಒಣಗಿಸಿ, ಪುಡಿ ಉದುರಿಸಿ ಒಳಗೆ ಹೋದೆ.

ತುದಿಯ ತೂತುಗಳು ಹೊಳೆದವು. ಹೊಳೆಯಲೇಬೇಕು, ಅವು ತೂತುಗಳು. ಅವುಗಳ ಪಕ್ಕದಲ್ಲಿ ಏನೂ ಇರಲಿಲ್ಲ. ಲೆನ್ಸು ಹಿಡಿದೆ, ತಿರುಗಿಸಿದೆ. ನೋಡುತ್ತಾ ನೋಡುತ್ತಾ ಅಲ್ಲಿ ಒಂದು ಗೆರೆ ಹುಟ್ಟುತ್ತಿರುವಂತೆ ಅನಿಸಿತು. ಕಣ್ಣು ಮುಚ್ಚಿ ತೆರೆದರೆ ಇಲ್ಲ.

ಮತ್ತೆ ಮೊದಲಿನಿಂದ ಮಾಡಿದೆ. ಮತ್ತೆ ಏನೂ ಕಾಣಲಿಲ್ಲ.

ಸ್ಕ್ರ್ಯಾಪಿಗೆ ಹಾಕಿದರೆ ಮುಗಿಯಿತು ಎನಿಸಿತು. ಒಂದು ಬ್ಲೇಡು ತಾನೆ? ಗೆರೆ ಕಂಡಿತು, ಒರೆಸುವಾಗ ಹೋಯಿತು, ಅನುಮಾನವಿದೆ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಮುರಳಿ ಮುಂದಿನ ವಾರ ಮತ್ತೆ ಹಾರುತ್ತಾನೆ. ಯಾವುದೋ ಇಂಜಿನ್ನಿನಲ್ಲಿ ಇದೇ ಬ್ಲೇಡು ತಿರುಗುತ್ತಿರುವಾಗ ಯಾವುದೋ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿ ಪಕ್ಕ ಕೂತಿರುತ್ತಾಳೆ. ಆದರೆ ಅದೇ ಲೆಕ್ಕದಲ್ಲಿ ಹೋದರೆ ಜಗತ್ತಿನ ಯಾವ ಬ್ಲೇಡಿಗೆ ನಾನು ಹೂಂ ಎನ್ನಬಲ್ಲೆ? ಎಲ್ಲವನ್ನೂ ಬೇಡ ಎನ್ನುವವಳ ಮಾತನ್ನು, ನಿಜವಾದ ಬಿರುಕು ಕಂಡ ದಿನ, ಯಾರು ಕೇಳುತ್ತಾರೆ?

ಏನೂ ಹೇಳದೆ ಫಕೀರೇಶನನ್ನು ಒಳಗೆ ಕರೆದು ನೋಡಲು ಕೊಟ್ಟೆ. ಅವನು ತನ್ನ ಪಾಡಿಗೆ ಕತ್ತಲೆಗೆ ಕಣ್ಣು ಹೊಂದಿಸಿಕೊಂಡು, ನಿಧಾನವಾಗಿ ತಿರುಗಿಸಿ ನೋಡಿದ.

"ಸ್ವಚ್ಛ ಐತ್ರೀ ಅಕ್ಕಾರ."

ಹೊರಗೆ ಬಂದು, ಬಿರುಕು ಕಂಡುಬಂದಿಲ್ಲ ಎಂದು ಬರೆದೆ. ಸಾರ್ ಓದಿದರು. ಡ್ರಾಯರ್ ತೆಗೆದು ನನ್ನ ಸ್ಟ್ಯಾಂಪನ್ನು ಮೇಜಿನ ಮೇಲಿಟ್ಟರು.

"ಹಾಕಿ."

"ಸಾರ್, ನಂಗೆ ಹೆದರಿಕೆ ಆಗ್ತಿದೆ."

"ಹೆದರಿಕೆ ಎಲ್ಲಿದೆ? ಬ್ಲೇಡಲ್ಲಿದ್ಯಾ?"

"ಅಲ್ಲ ಸಾರ್. ನನ್ನಲ್ಲಿ."

"ಹಂಗಾದ್ರೆ ಅದನ್ನ ಡಾಕ್ಟ್ರಿಗೆ ತೋರ್ಸಿ. ನಂಗೆ ಬ್ಲೇಡಿಂದು ಮಾತ್ರ ಹೇಳಿ."

ಹಾಕಿದೆ. ಶಾಯಿ ಸ್ವಲ್ಪ ಓರೆಯಾಗಿ ಬಿತ್ತು. ನಾನು ಸರಿಯಾಗಿ ನಿದ್ದೆ ಮಾಡುವವರೆಗೆ ನಾನು ನೋಡಿದ್ದನ್ನೆಲ್ಲ ಫಕೀರೇಶನೂ ನೋಡಬೇಕು ಎಂದು ಸಾರ್ ಗೋಡೆಗೆ ಚೀಟಿ ಅಂಟಿಸಿದ್ದಾರೆ. ಅವಮಾನ ಎನಿಸಬೇಕಿತ್ತು. ಸ್ಕೂಟರಿನ ಹತ್ತಿರ ಬಂದವಳು ಅದನ್ನು ಹತ್ತದೆ, ಅಗರಬತ್ತಿ ಗೋಡೌನಿನ ಕಟ್ಟೆಯ ಮೇಲೆ ಕೂತು ಮುರಳಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗು ಎಂದೆ. ಏಕೆ ಎಂದು ಅವನು ಕೇಳಲಿಲ್ಲ. ಬಂದ.

ಜುಲೈ ೮, ಸೋಮವಾರ

ವಿಜಯನಗರದ ಡಾಕ್ಟರ ಹತ್ತಿರ ಹೋಗಿದ್ದೆವು. ಸಾರ್ ಹೇಳಿದರಲ್ಲ ಎಂದು ಹೋದೆ, ನನಗೇನೂ ಆಗಿಲ್ಲ. ಊಟ ಹೇಗೆ ಎಂದರು, ಸೆರಿಲ್ಯಾಕ್ ಶುರುಮಾಡಿದ್ದೇವೆ ಎಂದೆ. ನಿದ್ದೆ ಎಂದರು, ಮಧ್ಯಾಹ್ನ ಎರಡು ಸಲ ಮಲಗುತ್ತಾಳೆ ಎಂದೆ.

"ಅಮ್ಮಾ, ನಾನು ನಿಮ್ಮ ಬಗ್ಗೆ ಕೇಳ್ತಾ ಇದೀನಿ," ಎಂದರು ಆ ಹೆಂಗಸು.

ಹೆರಿಗೆಯಾದ ಮೇಲೆ ಎಷ್ಟೋ ಜನಕ್ಕೆ ಹೀಗಾಗುತ್ತದಂತೆ. ಇದಕ್ಕೊಂದು ಹೆಸರೂ ಇದೆಯಂತೆ. ಹಾಲುಣಿಸುವವರು ತೆಗೆದುಕೊಳ್ಳಬಹುದಾದ ಮಾತ್ರೆ ಬರೆದಿದ್ದಾರೆ. ರಾತ್ರಿಯ ಒಂದು ಭಾಗ ಮಗು ಬೇರೆಯವರ ಹತ್ತಿರ ಇರಬೇಕಂತೆ. ಅದು ಸಾಧ್ಯವೇ ಇಲ್ಲ ಎಂದು ದಾರಿಯುದ್ದಕ್ಕೂ ಮುರಳಿಯ ಜೊತೆ ವಾದ ಮಾಡಿದೆ.

ಜುಲೈ ೧೪, ಭಾನುವಾರ

ಬರೆಯುವಂಥದ್ದೇನೂ ಆಗಿಲ್ಲ. ಮುರಳಿ ನಾಗಪುರದಲ್ಲಿದ್ದಾನೆ, ಅಲ್ಲಿ ವಿಪರೀತ ಸೆಖೆಯಂತೆ. ಗುರುವಾರ ಒಂದು ಬ್ಲೇಡಿನ ಬುಡದಲ್ಲಿ ಬಿರುಕಿತ್ತು. ಫಕೀರೇಶನೂ ಅದೇ ಜಾಗದಲ್ಲಿ ಗುರುತು ಹಾಕಿದ.

ಅತ್ತೆಯ ಮೇಲೆ ಸಿಟ್ಟು ಬಂದಿದೆ. ನಿನ್ನೆ ಅಪೂರ್ವಳನ್ನು ತಮ್ಮ ಕೋಣೆಯಲ್ಲಿ ಮಲಗಿಸಿಕೊಂಡಿದ್ದರು. ನಾನು ಎದ್ದಾಗ ಬಿಸಿಲು ಅಡುಗೆಮನೆಯ ಕಟ್ಟೆಯವರೆಗೆ ಬಂದಿತ್ತು. ರಾತ್ರಿ ಮಗು ಬಹಳ ಅತ್ತಿತಂತೆ. ಅಷ್ಟು ಅತ್ತರೆ ನನ್ನನ್ನು ಎಬ್ಬಿಸಬಾರದಿತ್ತೇ ಎಂದು ಜೋರಾಗಿಯೇ ಕೇಳಿದೆ.

"ಬಾಗಿಲಲ್ಲಿ ನಿಂತು ಎರಡು ಸಲ ಕರೆದೆ ಕಣೇ," ಎಂದರು.

ನನಗೆ ಕೇಳಿಸಲೇ ಇಲ್ಲ.